ಬೇಸ್‌ಬಾಲ್ ಹಾಲ್ ಆಫ್ ಫೇಮ್ ಚುನಾವಣೆ

ಬೇಸ್‌ಬಾಲ್ ಹಾಲ್ ಆಫ್ ಫೇಮ್ ಚುನಾವಣೆ ಎಂಬುದು ನಿವೃತ್ತ ಬೇಸ್‌ಬಾಲ್ ಆಟಗಾರರನ್ನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಕೀರ್ತಿಭವನಕ್ಕೆ ಆರಿಸುವ ಪ್ರಕ್ರಿಯೆ. ಭವನವು 1939ರಲ್ಲಿ ಉದ್ಘಾಟನೆಗೊಂಡಿತಾದರೂ ಮೊದಲ ಚುನಾವಣೆ 1936ರಲ್ಲಿಯೇ ನಡೆದಿತ್ತು. ಆಗ ಟೈ ಕಾಬ್, ಬೇಬ್ ರುತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್ ಮತ್ತು ವಾಲ್ಟರ್ ಜಾನ್ಸನ್ ಆಯ್ಕೆಯಾದರು. ಬೇಬ್ ರುತ್ ಅವರಂಥ ಆಟಗಾರರಿಗೂ 226 ಮತದಾರರಲ್ಲಿ 11 ಮಂದಿ ಮತ ನೀಡಿರಲಿಲ್ಲ.

ಮತದಾನದ ಕ್ರಮ

ಮೇಜರ್ ಲೀಗ್‌ನಲ್ಲಿ ಕನಿಷ್ಠ 10 ಋತುಗಳು ಆಡಿ, ನಿವೃತ್ತಿಯ ನಂತರ 5 ವರ್ಷ ಕಳೆದವರು ಅರ್ಹರು. ಮತ ಹಾಕುವವರು ಪ್ರೇಕ್ಷಕರಲ್ಲ, ಸಹ ಆಟಗಾರರೂ ಅಲ್ಲ. ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ 10 ವರ್ಷ ಸದಸ್ಯರಾಗಿರುವ ಪತ್ರಕರ್ತರು. ಒಬ್ಬರು ಗರಿಷ್ಠ 10 ಹೆಸರುಗಳನ್ನು ಗುರುತಿಸಬಹುದು. ಆಯ್ಕೆಗೆ ಶೇ. 75ರಷ್ಟು ಮತ ಬೇಕು. ಶೇ. 5ಕ್ಕಿಂತ ಕಡಿಮೆ ಪಡೆದವರ ಹೆಸರು ಪಟ್ಟಿಯಿಂದ ಹೊರಬೀಳುತ್ತದೆ. ಉಳಿದವರಿಗೆ 10 ವರ್ಷಗಳ ಅವಕಾಶವಿದೆ. 2014ಕ್ಕೆ ಮುಂಚೆ ಇದು 15 ವರ್ಷವಾಗಿತ್ತು. ಖಾಲಿ ಮತಪತ್ರವೂ ಎಣಿಕೆಗೆ ಸೇರುವುದರಿಂದ, ಯಾರನ್ನೂ ಆರಿಸದವರ ಮತವು ವಾಸ್ತವದಲ್ಲಿ ಎಲ್ಲರಿಗೂ ವಿರುದ್ಧವಾದ ಮತವೇ. 2021ರಲ್ಲಿ ಯಾರೊಬ್ಬರೂ ಆಯ್ಕೆಯಾಗಲಿಲ್ಲ. ಸರ್ವಾನುಮತದಿಂದ ಮೊದಲು ಆಯ್ಕೆಯಾದವರು ಮರಿಯಾನೊ ರಿವೇರಾ (2019, 425 ಮತಗಳು).

ಶೀಲದ ಪ್ರಶ್ನೆ

ಆಟದ ಸಾಧನೆಯೊಂದಿಗೆ ಪ್ರಾಮಾಣಿಕತೆ, ಕ್ರೀಡಾಮನೋಭಾವ ಮತ್ತು ಶೀಲವನ್ನೂ ಪರಿಗಣಿಸಬೇಕೆಂದು ನಿಯಮವು ಹೇಳುತ್ತದೆ. ಶೀಲವನ್ನು ಅಳೆಯುವ ಮಾನದಂಡ ಯಾವುದೆಂಬುದನ್ನು ಮಾತ್ರ ಹೇಳುವುದಿಲ್ಲ. ವಿವಾದಗಳ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ. 762 ಹೋಮ್ ರನ್‌ಗಳ ದಾಖಲೆ ಹೊಂದಿರುವ ಬ್ಯಾರಿ ಬಾಂಡ್ಸ್, ಉದ್ದೀಪನ ಮದ್ದು ಬಳಸಿದರೆಂಬ ಆರೋಪದ ನೆರಳಿನಲ್ಲಿ, 2022ರ ತಮ್ಮ ಹತ್ತನೆಯ ಹಾಗೂ ಕೊನೆಯ ಅವಕಾಶದಲ್ಲಿ ಶೇ. 66 ಮತ ಪಡೆದು ಹೊರಗುಳಿದರು. ಅತಿ ಹೆಚ್ಚು ಹಿಟ್‌ಗಳ (4,256) ದಾಖಲೆಯ ಪೀಟ್ ರೋಸ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದಕ್ಕಾಗಿ 1989ರಲ್ಲಿ ನಿಷೇಧಕ್ಕೊಳಗಾದರು. ನಿಷೇಧಿತರ ಹೆಸರು ಮತಪತ್ರದಲ್ಲಿ ಇರಕೂಡದೆಂದು ಭವನವು 1991ರಲ್ಲಿ ನಿರ್ಧರಿಸಿದ್ದರಿಂದ ಬರಹಗಾರರು ಅವರ ಅರ್ಹತೆಯನ್ನು ತೂಗುವ ಸಂದರ್ಭವೇ ಒದಗಲಿಲ್ಲ. ರೋಸ್ 2024ರಲ್ಲಿ ನಿಧನರಾದರು. ನಿಷೇಧವು ಮರಣದೊಂದಿಗೆ ಕೊನೆಗೊಳ್ಳುತ್ತದೆಂಬ ತೀರ್ಮಾನ 2025ರಲ್ಲಿ ಬಂದಿತು.

ಸಮಿತಿಗಳು ಮತ್ತು ವಿಶೇಷ ಆಯ್ಕೆಗಳು

ಪಟ್ಟಿಯಿಂದ ಹೊರಬಿದ್ದವರನ್ನೂ ವ್ಯವಸ್ಥಾಪಕರು, ಅಂಪೈರ್‌ಗಳು ಮೊದಲಾದವರನ್ನೂ 16 ಸದಸ್ಯರ ಸಮಿತಿಗಳು ಪರಿಶೀಲಿಸುತ್ತವೆ. ಇಲ್ಲಿ 12 ಮತಗಳು ಅಗತ್ಯ.

ವರ್ಣಭೇದದ ಕಾರಣ ಮೇಜರ್ ಲೀಗ್ ಕಪ್ಪು ಆಟಗಾರರಿಗೆ 1947ರವರೆಗೆ ಮುಚ್ಚಿದ್ದುದರಿಂದ, 10 ಋತುಗಳ ನಿಯಮವು ನೀಗ್ರೋ ಲೀಗ್‌ಗಳ ಪ್ರತಿಭಾವಂತರನ್ನು ತಾನಾಗಿಯೇ ಹೊರಗಿಟ್ಟಿತ್ತು. ಇದನ್ನು ಸರಿಪಡಿಸಲು ರಚಿತವಾದ ವಿಶೇಷ ಸಮಿತಿಯು 1971ರಲ್ಲಿ ಮೊದಲಿಗೆ ಸ್ಯಾಚೆಲ್ ಪೇಜ್ ಅವರನ್ನು ಆರಿಸಿತು. ಅವರನ್ನು ಪ್ರತ್ಯೇಕ ವಿಭಾಗದಲ್ಲಿ ಇರಿಸುವ ಆಲೋಚನೆ ತೀವ್ರ ಟೀಕೆಗೆ ಗುರಿಯಾಯಿತು. ಸೇರ್ಪಡೆ ಸಮಾರಂಭಕ್ಕೆ ಮುಂಚೆಯೇ ಅದನ್ನು ಕೈಬಿಟ್ಟು ಪೂರ್ಣ ಸದಸ್ಯತ್ವ ನೀಡಲಾಯಿತು.