ಮೀನಿನ ಹುಣ್ಣು, ಕೆರೆಯ ಸುಣ್ಣ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಿಕಾರಿಪುರದ ನಮ್ಮ ಮನೆಗೆ ಒಂದು ಗಾಜಿನ ತೊಟ್ಟಿ ಬಂತು. ಮಗಳ ಹಟ. ಅದರೊಳಗೆ ಐದು ಗೋಲ್ಡ್ ಫಿಶ್. ಮೂರನೇ ವಾರಕ್ಕೆ ಮೀನುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ತಳದ ಕಲ್ಲಿಗೆ ಮೈ ಉಜ್ಜುತ್ತಾ ಓಡಾಡತೊಡಗಿದವು. ಅಂಗಡಿಯಿಂದ ಒಂದು ನೀಲಿ ಔಷಧಿ ತಂದು ಎರಡು ದಿನ ಹನಿ ಹಾಕಿದೆವು. ಚುಕ್ಕೆ ಉದುರಿದವು. ಗುಣವಾಯಿತು ಎಂದು ಬಾಟಲಿ ಮುಚ್ಚಿಟ್ಟೆವು. ಐದಾರು ದಿನಕ್ಕೆ ಚುಕ್ಕೆ ಮತ್ತೆ ಬಂತು, ಈ ಸಲ ಇಮ್ಮಡಿ. ಗಾಬರಿಗೆ ಬಿದ್ದು ನೀರನ್ನೆಲ್ಲ ಚೆಲ್ಲಿ, ಬ್ಲೀಚಿಂಗ್ ಪೌಡರ್ ವಾಸನೆ ಹೊಡೆಯುತ್ತಿದ್ದ ನಲ್ಲಿ ನೀರನ್ನೇ ತುಂಬಿಸಿದೆವು. ಬೆಳಗಾಗುವಷ್ಟರಲ್ಲಿ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಸೊರಬದಿಂದ ಬಂದಿದ್ದ ನೆಂಟರೊಬ್ಬರು ನಕ್ಕರು. "ದನಕ್ಕೆ ಡಾಕ್ಟ್ರು ಸಿಗದು ಕಷ್ಟ ಆಗೈತಿ, ಮೀನಿಗೂ ಡಾಕ್ಟ್ರಾ?"

ಆ ಮಾತು ತಲೆಯಲ್ಲೇ ಉಳಿಯಿತು. ಮೀನಿಗೆ ವೈದ್ಯ ಅಂತ ಯಾವತ್ತಿಂದ ಶುರುವಾಯಿತು ಎಂದು ಹುಡುಕಿಕೊಂಡು ಹೋದೆವು. ಹುಡುಕಾಟ ಗಾಜಿನ ತೊಟ್ಟಿಯಿಂದ ಹೊರಟು ನಮ್ಮ ಕೆರೆಗಳಿಗೇ ಬಂದು ನಿಂತಿತು.

ನಮ್ಮ ತಾಲ್ಲೂಕಿನಲ್ಲಿ ಕೆರೆಯ ಇತಿಹಾಸ ಬಹಳ ಹಳೆಯದು. ತಾಳಗುಂದದ ಕಂಬದ ಶಾಸನ ಐದನೇ ಶತಮಾನದ್ದು. ಕದಂಬರ ಕಾಕುತ್ಸ್ಥವರ್ಮ ದೇವಸ್ಥಾನದ ಬಳಿ ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ವೈದ್ಯದ ಇತಿಹಾಸವೂ ಇಲ್ಲೇ ಇದೆ. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಮಠದ ಬಗ್ಗೆ 1162ರ ಶಾಸನವೊಂದು ಹೇಳುತ್ತದೆ. ಕೆರೆಯ ಕೋಡಿ ಪಕ್ಕದಲ್ಲಿದ್ದ ಮಠವಾದ್ದರಿಂದ ಆ ಹೆಸರು. ಅಲ್ಲಿ ಪಾಠ ನಡೆಯುತ್ತಿತ್ತು, ದಿಕ್ಕಿಲ್ಲದವರಿಗೆ ಊಟ ಸಿಗುತ್ತಿತ್ತು, ರೋಗಿಗಳಿಗೆ ಔಷಧಿಯೂ ಸಿಗುತ್ತಿತ್ತು. ಒಂಬತ್ತು ನೂರು ವರ್ಷದ ಹಿಂದೆ ಕೆರೆ ದಂಡೆಯ ಮೇಲೊಂದು ಆಸ್ಪತ್ರೆ!

ಕೆರೆಯೊಳಗಿನ ಜೀವಕ್ಕೆ ಮಾತ್ರ ಆ ಭಾಗ್ಯ ಇರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಆನೆಗೆ, ಕುದುರೆಗೆ ಸಂಸ್ಕೃತದಲ್ಲಿ ದೊಡ್ಡ ದೊಡ್ಡ ಗ್ರಂಥಗಳೇ ಇವೆ. ಅದೇ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೀನಿಗೆಂದೇ ಒಂದು ಭಾಗವಿದೆ. ಆದರೆ ಅದರ ಹೆಸರು ಮತ್ಸ್ಯವಿನೋದ. ಯಾವ ಮೀನಿಗೆ ಏನು ಎರೆ ಹಾಕಬೇಕು, ಗಾಳ ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಎತ್ತು ಸತ್ತರೆ ಬೇಸಾಯ ನಿಲ್ಲುತ್ತದೆ, ಕುದುರೆ ಸತ್ತರೆ ಯುದ್ಧ ನಿಲ್ಲುತ್ತದೆ, ಮೀನು ಸತ್ತರೆ ಇನ್ನೊಂದು ಮೀನು ಇದ್ದೇ ಇರುತ್ತದೆ. ಲೆಕ್ಕ ಅಷ್ಟೇ ಇದ್ದಿರಬೇಕು.

ಆ ಲೆಕ್ಕ ತಲೆಕೆಳಗಾಗಿದ್ದು 1988ರಲ್ಲಿ.

ಆ ವರ್ಷ ಬಾಂಗ್ಲಾದೇಶದಲ್ಲಿ, ಹಿಂದೆಯೇ ಅಸ್ಸಾಂ, ತ್ರಿಪುರಾ, ಮೇಘಾಲಯ ಕಡೆ ಹೊಳೆ, ಕೆರೆ, ಗದ್ದೆ ನೀರಿನ ಮೀನುಗಳಿಗೆ ಹುಣ್ಣಿನ ರೋಗ ಬಂತು. ಮೊದಲು ಮೈಮೇಲೆ ಕೆಂಪು ಕಲೆ. ಮೀನು ಮಂಕಾಗಿ ನೀರಿನ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆ. ಕಲೆ ಹುಣ್ಣಾಗುತ್ತದೆ, ಹುಣ್ಣು ಮಾಂಸ ತಿನ್ನುತ್ತಾ ಒಳಗಿಳಿಯುತ್ತದೆ. ಕೊರವನಂಥ ಗಟ್ಟಿ ಮೀನು ತಲೆಬುರುಡೆ ಕಾಣುವಷ್ಟು ಕೊಳೆತರೂ ಜೀವ ಹಿಡಿದು ಈಜುತ್ತಿರುತ್ತದೆ. ನೋಡಿದ ಜನ ಹೆದರಿ ಮೀನು ತಿನ್ನುವುದನ್ನೇ ಬಿಟ್ಟರು. ರೋಗ ಮನುಷ್ಯರಿಗೆ ಅಂಟುವಂಥದ್ದಲ್ಲ, ಆದರೆ ಮಾತು ರೋಗಕ್ಕಿಂತ ಬೇಗ ಹರಡಿತು. ಮೀನು ಹಿಡಿದು ಬದುಕುವವರಿಗೆ ಎರಡು ಏಟು: ಅರ್ಧ ಮೀನು ಸತ್ತವು, ಉಳಿದರ್ಧ ಮಾರಾಟವಾಗಲಿಲ್ಲ.

1991ರಲ್ಲಿ ರೋಗ ಕೇರಳಕ್ಕೆ ಬಂತು. ಕರ್ನಾಟಕವನ್ನೂ ಬಿಡಲಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಿ.ವಿ. ಮೋಹನ್ ಮತ್ತು ಕೆ.ಎಂ. ಶಂಕರ್ ನಮ್ಮ ರಾಜ್ಯದ ಸಿಹಿನೀರು, ಹಿನ್ನೀರಿನ ಮೀನುಗಳಲ್ಲಿ ಈ ರೋಗದ ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದರು.

ರೋಗ ಯಾವುದರಿಂದ ಬಂತು ಎಂಬುದೇ ದೊಡ್ಡ ಜಗಳ. ಹುಣ್ಣಿನಿಂದ ಬ್ಯಾಕ್ಟೀರಿಯಾ ತೆಗೆದವರು ಬ್ಯಾಕ್ಟೀರಿಯಾ ಎಂದರು. ಕೆಲವರಿಗೆ ವೈರಸ್ ಸಿಕ್ಕಿತು, ಅವರು ವೈರಸ್ ಎಂದರು. ಗದ್ದೆಯ ಕೀಟನಾಶಕ ಎಂದವರೂ ಇದ್ದರು. ಕೊಳೆತ ಹುಣ್ಣಿನಲ್ಲಿ ಹುಡುಕಿದರೆ ಏನು ಬೇಕಾದರೂ ಸಿಗುತ್ತದೆ, ತೊಂದರೆ ಅದೇ. ಆಮೇಲೆ ಗೊತ್ತಾಯಿತು: 1971ರಲ್ಲಿ ಜಪಾನಿನಲ್ಲಿ ಆಯು ಎಂಬ ಮೀನಿಗೆ ಬಂದದ್ದು, 1972ರಲ್ಲಿ ಆಸ್ಟ್ರೇಲಿಯಾದಲ್ಲಿ ಕೆಂಪು ಚುಕ್ಕೆ ರೋಗ ಎಂದು ಕರೆದದ್ದು, ಅಸ್ಸಾಮಿನದ್ದು, ನಮ್ಮದು ಎಲ್ಲ ಒಂದೇ. ಅಫಾನೊಮೈಸಿಸ್ ಇನ್ವಡಾನ್ಸ್ ಎಂಬ ನೀರಿನ ಬೂಸು. ಇದರ ಬೀಜಕಣಗಳು ನೀರಲ್ಲಿ ಈಜಿಕೊಂಡು ಹೋಗಿ ಮೀನಿನ ತೊಗಲಿಗೆ ಅಂಟಿ, ಮಾಂಸದೊಳಗೆ ಎಳೆ ಬಿಡುತ್ತವೆ.

ಈ ಬೂಸಿನ ನೆಂಟರನ್ನು ಸೊರಬ, ಶಿಕಾರಿಪುರದ ಅಡಿಕೆ ಬೆಳೆಗಾರರಿಗೆ ಪರಿಚಯ ಮಾಡಿಸಬೇಕಿಲ್ಲ. ಅಡಿಕೆಯ ಕೊಳೆರೋಗ ತರುವುದು ಇದೇ ಗುಂಪಿನ ಇನ್ನೊಂದು ಜೀವಿ. ಮಳೆ ಹಿಡಿದಾಗ ಅದೂ ಹೀಗೇ ಈಜುವ ಬೀಜಕಣ ಬಿಟ್ಟು ಗೊನೆಯಿಂದ ಗೊನೆಗೆ ಹರಡುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷದ ಹಿಂದೆಯೇ ಮಲೆನಾಡಿನಲ್ಲಿ ಕೊಳೆರೋಗದ ಮೂಲ ಹುಡುಕಿ, 1910ರಲ್ಲಿ ಅದರ ವರದಿ ಬರೆದು, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಬೆಳೆಗಾರರಿಗೆ ಕಲಿಸಿದರು. ಮೈಲುತುತ್ತ, ಸುಣ್ಣ, ನೀರು. ಇವತ್ತಿಗೂ ಅದೇ ಔಷಧಿ.

ಅಡಿಕೆ ಗೊನೆಗೆ ಔಷಧಿ ಹೊಡೆಯಬಹುದು. ಕೆರೆಯ ಒಂದೊಂದೇ ಮೀನು ಹಿಡಿದು ಔಷಧಿ ಕುಡಿಸಲು ಆಗುತ್ತದೆಯೇ? ಹುಣ್ಣು ಆಳಕ್ಕಿಳಿದ ಮೀನನ್ನು ಉಳಿಸುವ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಾಗಾಗಿ ತಿಳಿದವರ ಕಣ್ಣು ಮೀನಿನಿಂದ ನೀರಿಗೆ ತಿರುಗಿತು. ರೋಗ ಬರುವುದು ಜೋರು ಮಳೆ ಕಳೆದು ನೀರು ತಣ್ಣಗಾದಾಗ. ಬರುವುದು ಹುಳಿ ಮಣ್ಣಿನ, ಸುಣ್ಣದಂಶ ಕಡಿಮೆ ಇರುವ ನೀರಿನಲ್ಲಿ. ಆಸ್ಟ್ರೇಲಿಯಾದಲ್ಲಂತೂ ಹುಳಿ ಮಣ್ಣಿನ ಮೇಲೆ ಮಳೆ ಸುರಿದು ನದಿ ನೀರು ಕೆಟ್ಟ ಬೆನ್ನಿಗೇ ಮೀನಿಗೆ ಹುಣ್ಣಾಗುವುದು ಪತ್ತೆಯಾಯಿತು. ಹುಳಿ ನೀರು ಮೀನಿನ ತೊಗಲನ್ನು ಸುಡುತ್ತದೆ, ಸುಟ್ಟ ಜಾಗದಲ್ಲಿ ಬೂಸು ಒಳಹೊಕ್ಕುತ್ತದೆ. ಇದನ್ನು ಓದುವಾಗ ನಮಗೆ ಸೊರಬದ ಜಂಬಿಟ್ಟಿಗೆ ನೆಲ ಕಣ್ಮುಂದೆ ಬಂತು. ಗದ್ದೆ ಹುಳಿಯಾಗಿದೆ, ಸುಣ್ಣ ಹಾಕಿ ಎಂದು ಕೃಷಿ ಇಲಾಖೆಯವರು ಹೇಳುವ ಅದೇ ನೆಲದ ಮೇಲೆ ಹರಿದ ಮಳೆ ನೀರು ತಾನೇ ನಮ್ಮ ಕೆರೆ ತುಂಬಿಸುವುದು.

ಮದ್ದೂ ಅದೇ ಆಯಿತು. ಚಳಿಗಾಲಕ್ಕೆ ಮುಂಚೆ ಕೆರೆಗೆ ಸುಣ್ಣ. ಒಡಿಶಾದ ಭುವನೇಶ್ವರದ ಬಳಿಯ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ, ಅಂದರೆ ಸಿಫಾ, 'ಸಿಫಾಕ್ಸ್' ಎಂಬ ದ್ರಾವಣ ತಯಾರಿಸಿತು. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರ್, ಅದನ್ನು ನೀರಲ್ಲಿ ಬೆರೆಸಿ ಕೆರೆ ತುಂಬ ಎರಚಬೇಕು. ಅದೂ ನೀರಿಗೇ ಹಾಕುವ ಔಷಧಿ ಎಂಬುದನ್ನು ಗಮನಿಸಿ.

ಎಲ್ಲ ಮೀನಿಗೂ ಒಂದೇ ಥರ ಹುಣ್ಣಾಗುವುದಿಲ್ಲ. ಜಿಲೇಬಿ, ಸಾಮಾನ್ಯ ಗೆಂಡೆ ತಡೆದುಕೊಳ್ಳುತ್ತವೆ. ಕಾಟ್ಲಾ, ರೋಹುಗಳಿಗೆ ಮರಿಯಿದ್ದಾಗ ಅಪಾಯ ಹೆಚ್ಚು. ಬೇಗ ಬೀಳುವುದು ನಮ್ಮ ನಾಟಿ ಮೀನುಗಳೇ: ಕೊರವ, ಕುಚ್ಚು, ಚೇಳು ಮೀನು, ಸಣ್ಣ ಗಿರ್ಲು. ಬಿತ್ತಿದ ಮೀನು ಸತ್ತರೆ ಇಲಾಖೆಯ ಮರಿ ತಂದು ಬಿಡಬಹುದು. ನಾಟಿ ಮೀನಿನ ಮರಿ ಎಲ್ಲಿಂದ ತರುವುದು?

ಇಲ್ಲಿ ಕೆರೆಬೇಟೆಯ ಮಾತು ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ದಿನ ಗೊತ್ತು ಮಾಡಿ, ನೂರಾರು ಜನ ಕೂಣಿ ಹಿಡಿದು ಒಟ್ಟಿಗೇ ಕೆರೆಗೆ ಇಳಿಯುವ ಸಂಭ್ರಮ ಸೊರಬ, ಶಿಕಾರಿಪುರ, ಸಾಗರದವರಿಗೆ ಹೇಳಬೇಕಿಲ್ಲ. ನಾವೂ ಇಳಿದವರೇ. ಆ ವಾರ ಈ ಊರಿನ ಕೆರೆ, ಮುಂದಿನ ವಾರ ಪಕ್ಕದೂರಿನದು, ಕೂಣಿ ಮಾತ್ರ ಒಂದೇ. ಬೂಸಿನ ಬೀಜಕಣ ಚಿಪ್ಪು ಕಟ್ಟಿಕೊಂಡು 19 ದಿನಗಳವರೆಗಾದರೂ ನೀರಲ್ಲಿ ಬದುಕಿರುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಹಸಿ ಕೆಸರು ಮೆತ್ತಿದ ಕೂಣಿ, ಒದ್ದೆ ಬಲೆ ಅದಕ್ಕೆ ಬಸ್ ಟಿಕೆಟ್ ಇದ್ದಂತೆ. ತೊಳೆದು ಬಿರುಬಿಸಿಲಿಗೆ ಒಣಗಿಸಿದರೆ ಸತ್ತುಹೋಗುತ್ತದೆ. ಕೆರೆಬೇಟೆ ನಿಲ್ಲಿಸಿ ಎಂದು ಹೇಳುವಷ್ಟು ದೊಡ್ಡವರು ನಾವಲ್ಲ, ನಿಲ್ಲಲೂ ಬಾರದು. ಕೂಣಿ ತಾಗಿ ಗಾಯವಾದ ಮೀನನ್ನು ಮಾತ್ರ ವಾಪಸ್ ಕೆರೆಗೆ ಎಸೆಯಬೇಡಿ. ಗಾಯದ ಮೇಲೆ ಹತ್ತಿಯಂತೆ ಬಿಳಿ ಬೂಸು ಕೂರುತ್ತದೆ, ಅದು ಬದುಕುವುದು ಕಷ್ಟ.

ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ಹೊಡೆದ ಸಂಜೆ ಡ್ರಮ್ಮು, ಪೈಪು ತೊಳೆಯಲು ಕೆರೆಗೇ ತರುತ್ತಾರೆ. ಮೈಲುತುತ್ತದ ತಾಮ್ರ ಮೀನಿಗೆ ವಿಷ, ನಮ್ಮ ಕಡೆಯ ಮೆದು ನೀರಿನಲ್ಲಂತೂ ಇನ್ನೂ ಹೆಚ್ಚು ವಿಷ. ಅಡಿಕೆಯ ಮದ್ದು ತೋಟದಲ್ಲೇ ಇರಲಿ.

ಗಾಜಿನ ತೊಟ್ಟಿಗೂ ಕೆರೆಗೂ ಏನು ಸಂಬಂಧ ಎಂದು ಕೇಳಬಹುದು. 1994ರಲ್ಲಿ ಜಪಾನಿನ ವಿಜ್ಞಾನಿಗಳು ಸಿಂಗಾಪುರದಿಂದ ಬಂದ ಕುಬ್ಜ ಗೌರಾಮಿ ಎಂಬ ಬಣ್ಣದ ಮೀನಿನಲ್ಲಿ ಇದೇ ಬೂಸಿನ ರೋಗ ಕಂಡರು. ಗೌರಾಮಿಯ ಮೂಲ ಊರು ನಮ್ಮ ಗಂಗಾ, ಬ್ರಹ್ಮಪುತ್ರ ಬಯಲು. ಅಕ್ವೇರಿಯಂ ವ್ಯಾಪಾರದ ಪ್ಲಾಸ್ಟಿಕ್ ಚೀಲದಲ್ಲಿ ಮೀನಿನ ಜೊತೆ ಅದರ ರೋಗವೂ ವಿಮಾನ ಹತ್ತುತ್ತದೆ. ಸಾಕಿ ಬೇಸರವಾದ ಮೀನನ್ನು, ಸತ್ತ ಮೀನಿನ ತೊಟ್ಟಿ ನೀರನ್ನು ಹುಚ್ಚುರಾಯನ ಕೆರೆಗೋ ಊರ ಹೊಂಡಕ್ಕೋ ಸುರಿಯಬಾರದು ಎನ್ನುವುದು ಇದಕ್ಕೇ.

ನಮ್ಮ ಗೋಲ್ಡ್ ಫಿಶ್ ಸತ್ತದ್ದು ಹುಣ್ಣಿನಿಂದಲ್ಲ, ಬಿಳಿ ಚುಕ್ಕೆಯಿಂದ. ಅದಕ್ಕೆ 1876ರಲ್ಲಿ ಫ್ರಾನ್ಸಿನ ಫೂಕೆ ಎಂಬುವರು ಹೆಸರಿಟ್ಟರು. ಒಂದೇ ಕೋಶದ ಜೀವಿ. ಚುಕ್ಕೆಯಾಗಿ ತೊಗಲಿನ ಒಳಗಿರುವಾಗ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಉದುರಿ ತಳ ಸೇರುತ್ತದೆ. ಅಲ್ಲಿ ಒಡೆದು ನೂರಾರು ಮರಿಯಾಗಿ, ಎರಡು ಮೂರು ದಿನದೊಳಗೆ ಮತ್ತೊಂದು ಮೀನು ಹುಡುಕುತ್ತದೆ. ಔಷಧಿ ಕೊಲ್ಲುವುದು ಈಜಾಡುವ ಆ ಮರಿಗಳನ್ನು ಮಾತ್ರ. ಚುಕ್ಕೆ ಉದುರಿದ ದಿನ ನಾವು ಔಷಧಿ ನಿಲ್ಲಿಸಿದ್ದೆವು. ಔಷಧಿ ಕೆಲಸ ಮಾಡಬೇಕಾಗಿದ್ದು ಸರಿಯಾಗಿ ಆಗಲೇ.

ಆ ನೀಲಿ ಬಾಟಲಿಗೂ ಕತೆಯಿದೆ. ಮೆಥಿಲೀನ್ ಬ್ಲೂ 1876ರಲ್ಲಿ ಜರ್ಮನಿಯಲ್ಲಿ ಬಟ್ಟೆಗೆ ಬಣ್ಣ ಹಾಕಲು ತಯಾರಾದ ರಂಗು. 1891ರಲ್ಲಿ ಪೌಲ್ ಎರ್ಲಿಖ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಮಲೆನಾಡಿನ ಎಷ್ಟೋ ಊರನ್ನು ಹಾಳುಗೆಡವಿದ ಜ್ವರಕ್ಕೆ ಪ್ರಯೋಗವಾದ ಔಷಧಿ ಈಗ ಮೀನಂಗಡಿಯ ಕಪಾಟಿನಲ್ಲಿದೆ. ಅದರ ಪಕ್ಕದಲ್ಲೇ ಇರುವ ಹಸಿರು ಮಲಕೈಟ್ ಗ್ರೀನ್ ತಿನ್ನುವ ಮೀನಿಗೆ ಕೂಡದು. ಕೆರೆಗೆ ಅದನ್ನು ಹಾಕಲೇಬೇಡಿ.

ನಲ್ಲಿ ನೀರು ತುಂಬಿಸಿದ್ದು ನಮ್ಮ ಎರಡನೇ ತಪ್ಪು. ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. 1850ರಲ್ಲಿ ಲಂಡನ್ನಿನ ರಸಾಯನ ಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪ್ರಯೋಗ ಪ್ರಕಟಿಸಿದರು. ತೊಟ್ಟಿಯಲ್ಲಿ ಎರಡು ಗೋಲ್ಡ್ ಫಿಶ್, ಒಂದಿಷ್ಟು ನೀರುಗಿಡ. ಕೊಳೆತ ಎಲೆಯಿಂದ ನೀರು ಕೆಟ್ಟಿತು, ಮೀನು ಸೊರಗಿದವು. ಅವರು ಔಷಧಿ ಹುಡುಕಲಿಲ್ಲ. ಕೊಳೆ ತಿನ್ನುವ ಬಸವನಹುಳು ತಂದು ಬಿಟ್ಟರು. ನೀರು ತಿಳಿಯಾಯಿತು, ಮೀನು ಚೇತರಿಸಿಕೊಂಡವು.

ಉಳಿದ ಒಂದು ಮೀನಿಗೆ ನಾವು ಮಾಡಿದ್ದು ಇಷ್ಟು. ಕೊಡದಲ್ಲಿ ಒಂದು ದಿನ ಬಾಯಿ ತೆರೆದಿಟ್ಟ ನೀರು, ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು, ಅಳತೆ ಪ್ರಕಾರ ಔಷಧಿ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ, ತಳದ ಕಸ ಎಳೆದು, ಚುಕ್ಕೆ ಹೋದ ಮೇಲೂ ಹತ್ತು ದಿನ ಇದನ್ನೇ ಮುಂದುವರಿಸಿದೆವು. ಮೇವು ಅರ್ಧಕ್ಕಿಳಿಸಿದೆವು. ಮೀನು ಈಗಲೂ ಇದೆ. ಮಗಳು ಅದಕ್ಕೆ ಜೊತೆ ಬೇಕು ಎನ್ನುತ್ತಿದ್ದಾಳೆ. ಹೊಸದು ತಂದರೆ ಮೊದಲು ಎರಡು ವಾರ ಬೇರೆ ಬಕೆಟ್ಟಿನಲ್ಲಿ ಇಡುವುದೆಂದು ಒಪ್ಪಂದವಾಗಿದೆ. ಸೊರಬದ ನೆಂಟರು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ನಿಮ್ಮ ಪೇಶೆಂಟ್ ಹ್ಯಾಂಗೈತಿ?"