ದುಡ್ಡು ಕೊಟ್ಟು ಗೈಡ್ ಹಿಡಿಯಬೇಕೆ?

ಯಾತ್ರೆಗೆ ಹೋದವರು ದಾರಿ ತೋರಿಸಿದವನಿಗೆ ದಕ್ಷಿಣೆ ಕೊಡುವುದು ನಮ್ಮಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯಲ್ಲ. ಕಾಶಿಗೋ ಹರಿದ್ವಾರಕ್ಕೋ ಹೋದವರನ್ನು ಪಂಡಾಗಳು ಎದುರುಗೊಳ್ಳುತ್ತಿದ್ದರು. ಇಳಿದುಕೊಳ್ಳಲು ಸ್ಥಳ ಮಾಡಿಕೊಟ್ಟು, ಸ್ನಾನ ಸಂಕಲ್ಪಗಳನ್ನು ಮಾಡಿಸಿ, ಸ್ಥಳಪುರಾಣ ಹೇಳಿ, ಕೊನೆಗೆ ತಮ್ಮ ಬಹಿ ಪುಸ್ತಕವನ್ನು ಬಿಚ್ಚಿ, ಹಿಂದೆ ಈ ಮನೆತನದಿಂದ ಯಾರು ಬಂದಿದ್ದರೆಂಬುದನ್ನು ಓದಿ ಹೇಳುತ್ತಿದ್ದರು. ಅಜ್ಜನ ಹೆಸರನ್ನು ಅಪರಿಚಿತನೊಬ್ಬನ ಬಾಯಿಂದ ಕೇಳಿದ ಯಾತ್ರಿಕನಿಗೆ ಕೊಟ್ಟ ದಕ್ಷಿಣೆ ಭಾರವೆನಿಸುತ್ತಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಪಂಡಾ ಒಬ್ಬ ಖಾಸಗಿ ಗೈಡ್.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಅಮೆರಿಕೆಯಲ್ಲಿದ್ದಾರೆ. ಮಕ್ಕಳನ್ನು ಕರೆದುಕೊಂಡು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗುವಾಗ ಅಲ್ಲಿಯ ಖಾಸಗಿ ಗೈಡನ್ನು ಗೊತ್ತುಮಾಡಬೇಕೋ ಬೇಡವೋ ಎಂಬುದು ಅವರಲ್ಲೊಬ್ಬನ ಪ್ರಶ್ನೆ. ಗಂಟೆಗೆ ನೂರಾರು ಡಾಲರು, ಕನಿಷ್ಠ 7 ಗಂಟೆ, ಪ್ರವೇಶದ ಟಿಕೇಟು ಬೇರೆ. ಒಂದು ಗುಂಪಿನಲ್ಲಿ 10 ಜನರವರೆಗೆ ಹೋಗಬಹುದು. ಊರಿನಲ್ಲಿ ಕುಳಿತ ನಿವೃತ್ತ ಮಾಸ್ತರನನ್ನು ಇದನ್ನೇಕೆ ಕೇಳಿದನೋ ಕಾಣೆ. ಆದರೆ ಪ್ರಶ್ನೆಗೆ ಒಂದು ಚರಿತ್ರೆಯಿದೆ.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ಆರಂಭವಾಯಿತು. ಅಲ್ಲಿ ಬಹುಕಾಲ ಒಂದೊಂದು ಆಟಕ್ಕೆ ಒಂದೊಂದು ದರ್ಜೆಯ ಚೀಟಿಯಿದ್ದ ಟಿಕೇಟು ಪುಸ್ತಕಗಳ ಪದ್ಧತಿಯಿತ್ತು. 1982ರಲ್ಲಿ ಅದು ಹೋಗಿ, ಒಮ್ಮೆ ಹಣ ತೆತ್ತು ಒಳಹೊಕ್ಕರೆ ಎಲ್ಲ ಆಟಗಳೂ ಸಿಗುವ ವ್ಯವಸ್ಥೆ ಬಂದಿತು. ಆಟಕ್ಕೆ ಬೇರೆ ಬೆಲೆಯಿಲ್ಲವೆಂದ ಮೇಲೆ ಜನ ತೆರಬೇಕಾದದ್ದು ಕಾಲವನ್ನು. ಸಾಲುಗಳು ಬೆಳೆದವು. 1999ರಲ್ಲಿ ಸಾಲು ತಪ್ಪಿಸುವ ‘ಫಾಸ್ಟ್‌ಪಾಸ್’ ಅನ್ನು ಪುಕ್ಕಟೆಯಾಗಿ ಕೊಡಲಾರಂಭಿಸಿದರು. 2021ರಲ್ಲಿ ಅದನ್ನು ನಿಲ್ಲಿಸಿ ಅದೇ ಸವಲತ್ತಿಗೆ ಬೆಲೆ ಕಟ್ಟಿದರು. 2005ರಲ್ಲಿ ಬಿಡದಿಯ ಬಳಿ ತೆರೆದ ವಂಡರ್‌ಲಾದಲ್ಲಿಯೂ ಹೆಚ್ಚು ಹಣ ಕೊಟ್ಟವರಿಗೆ ಬೇಗ ಒಳಬಿಡುವ ಟಿಕೇಟು ಇದೆ. ಆದ್ದರಿಂದ ಇಂಥ ಉದ್ಯಾನಗಳಲ್ಲಿ ಖಾಸಗಿ ಗೈಡ್ ಮಾರುವುದು ಮುಖ್ಯವಾಗಿ ಕಾಲವನ್ನು. ತೊಟ್ಟಿಲು ಏಕೆ ತಿರುಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ವೃದ್ಧರೂ ಕೂಸುಗಳೂ ಸೇರಿದ ಹತ್ತು ಜನರ ಸಂಸಾರ, ಕೈಯಲ್ಲಿ ಒಂದೇ ದಿನ ಎಂದಾದರೆ ಹಂಚಿಕೊಂಡು ಕೊಡಲಿ. ಗಂಡ ಹೆಂಡತಿ ಮತ್ತು ಒಂದು ಮಗುವಿಗೆ ಅದು ದುಂದುವೆಚ್ಚ. ಬೆಳಿಗ್ಗೆ ಬೇಗ ಎದ್ದು ಹೋದರೆ ಅರ್ಧ ಕೆಲಸವಾಗುತ್ತದೆ ಎಂದು ಉತ್ತರ ಬರೆದೆ.

ನನ್ನನ್ನು ಹೆಚ್ಚು ಕಾಡಿದ್ದು ಇದೇ ಪ್ರಶ್ನೆಯ ನಮ್ಮೂರ ರೂಪ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಿಂದ ಸಹಲು ಹೊರಟಿತೆಂದರೆ ಅದು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೇ. ಬಸ್ಸಿನಿಂದ ಇಳಿಯುತ್ತಲೇ ಗೈಡುಗಳು ಸುತ್ತುವರಿಯುತ್ತಾರೆ. ‘ಸರ, ಪಾಠಾ ನೀವ ಮಾಡೀರಲ್ಲರೀ, ಮತ್ತ ಇವಂಗ್ಯಾಕ್ರೀ ರೊಕ್ಕಾ?’ ಎಂದು ಹುಡುಗರೇ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ.

ಈ ಸ್ಥಳಗಳ ಮೊದಲ ಗೈಡುಗಳು ಯಾರು? ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇ ವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ ವರದಿ ಬರೆದ. ನಾವಿರುವ ಈ ಸೀಮೆಯ ಜಿಲ್ಲಾ ಕೇಂದ್ರ ಆಗ ಕಲಾದಗಿ. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಶಾಸನಗಳನ್ನು ಓದಿ ಪ್ರಕಟಿಸಿದ. ಹೆನ್ರಿ ಕಸಿನ್ಸ್‌ನ ದೊಡ್ಡ ಗ್ರಂಥ ಬಂದದ್ದು 1926ರಲ್ಲಿ. ಇವರು ಬರುವ ಹೊತ್ತಿಗೆ ಐಹೊಳೆಯ ಜನ ಗುಡಿಗಳಲ್ಲಿಯೇ ಬಿಡಾರ ಹೂಡಿದ್ದರು, ದನ ಕಟ್ಟುತ್ತಿದ್ದರು. ಇದು ಯಾವ ಗುಡಿ ಎಂದು ಕೇಳಿದವರಿಗೆ ಊರವರು ತಮಗೆ ರೂಢಿಯಿದ್ದ ಹೆಸರು ಹೇಳಿದರು. ಲಾಡಖಾನ ಗುಡಿ, ಗೌಡರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ, ಅಂಬಿಗೇರ ಗುಡಿ, ಕೊಂತಿ ಗುಡಿ. ಚಾಲುಕ್ಯ ಅರಸರಾಗಲಿ ಶಿಲ್ಪಿಗಳಾಗಲಿ ಈ ಹೆಸರುಗಳನ್ನು ಕೇಳಿದವರಲ್ಲ. ಗುಡಿಯಲ್ಲಿ ವಾಸವಾಗಿದ್ದ ಒಬ್ಬ ಲಾಡಖಾನ ಇಂದು ಜಗತ್ತಿನ ವಾಸ್ತುಶಿಲ್ಪ ಗ್ರಂಥಗಳಲ್ಲೆಲ್ಲ ಇದ್ದಾನೆ! ಹೆಸರು ಹೇಳಿದ ಆ ಊರವರೇ ಮೊದಲ ಮಾರ್ಗದರ್ಶಿಗಳು. ಅವರ ಹೆಸರು ಮಾತ್ರ ಯಾವ ವರದಿಯಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಪರಂಪರೆಯ ಗುಣ ದೋಷಗಳೆರಡೂ ಇಂದಿನ ಗೈಡುಗಳಲ್ಲಿವೆ. ಐಹೊಳೆಯಲ್ಲಿ ನೀವು ತಪ್ಪದೆ ಕೇಳುವ ಕಥೆ ಪರಶುರಾಮನದು. ಕ್ಷತ್ರಿಯರ ರಕ್ತ ಮೆತ್ತಿದ ಕೊಡಲಿಯನ್ನು ಅವನು ಮಲಪ್ರಭೆಯಲ್ಲಿ ತೊಳೆದನಂತೆ, ನೀರು ಕೆಂಪಾದುದನ್ನು ಕಂಡ ಹೆಂಗಸು ‘ಅಯ್ಯೋ ಹೊಳೆ’ ಎಂದು ಕೂಗಿದಳಂತೆ, ಅದರಿಂದ ಐಹೊಳೆಯಂತೆ. ಕೇಳಲು ಸೊಗಸು; ಮಕ್ಕಳು ಮರೆಯುವುದಿಲ್ಲ. ಆದರೆ ಊರಿನ ಹಳೆಯ ಹೆಸರು ಅಯ್ಯಾವೊಳೆ ಎಂಬುದನ್ನೂ, ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ದಕ್ಷಿಣ ಭಾರತದ ಶಾಸನಗಳಲ್ಲೆಲ್ಲ ಬರುತ್ತದೆಂಬುದನ್ನೂ ಹೇಳದೆ ಕಥೆಯಷ್ಟನ್ನೇ ಹೇಳಿದರೆ ಕೊಟ್ಟ ದುಡ್ಡಿಗೆ ಅರ್ಧ ಸರಕು ಸಿಕ್ಕಂತೆ. ದುರ್ಗದ ಗುಡಿಯನ್ನು ದುರ್ಗಾದೇವಿಯ ಗುಡಿ ಎಂದುಬಿಡುವವರು ಉಂಟು. ಗುಡಿಯ ಮೇಲ್ಗಡೆ ಒಂದು ಕಾಲಕ್ಕೆ ಕೋಟೆಯ ಕಟ್ಟಡವಿದ್ದುದರಿಂದ ಆ ಹೆಸರು. ಮೊದಲಿಗೆ ಅದು ಆದಿತ್ಯನ, ಎಂದರೆ ಸೂರ್ಯನ ದೇವಾಲಯವಾಗಿತ್ತೆಂದು ಶಾಸನಾಧಾರದಿಂದ ವಿದ್ವಾಂಸರು ಹೇಳುತ್ತಾರೆ. ಲಾಡಖಾನ ಗುಡಿ 5ನೆಯ ಶತಮಾನದ್ದೆಂದು ಹಿಂದಿನ ವಿದ್ವಾಂಸರು ಬರೆದರು, ಆಮೇಲಿನವರು ಅದನ್ನು ಎರಡು ಶತಮಾನಕ್ಕೂ ಈಚೆಗೆ ತಂದರು. ಗೈಡುಗಳ ಬಾಯಲ್ಲಿ ಇನ್ನೂ 5ನೆಯ ಶತಮಾನವೇ ಇದೆ. ನಮ್ಮ ಎಷ್ಟೋ ಪಠ್ಯಪುಸ್ತಕಗಳಲ್ಲಿಯೂ ಅದೇ ಇತ್ತೆನ್ನಿ, ಅವರನ್ನೊಬ್ಬರನ್ನೇ ದೂರುವುದು ಸರಿಯಲ್ಲ.

ಹಾಗಾದರೆ ಯಾವುದಕ್ಕೆ ದುಡ್ಡು ಕೊಡಬೇಕು? ಮೇಗುತಿ ಗುಡ್ಡವನ್ನು ಹತ್ತಿ ನೋಡಿ. ಮೇಲಿನ ಜೈನ ದೇವಾಲಯದ ಹೊರಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ತಾನಾಗಿ ನೋಡುವವನಿಗೆ ಅದು ಗೀಚು ಬಿದ್ದ ಕಲ್ಲು. ಅಲ್ಲಿ ಇಮ್ಮಡಿ ಪುಲಕೇಶಿಯ ಕೈಯಲ್ಲಿ ಸೋತ ಹರ್ಷನ ಹೆಸರಿನ ಮೇಲೆಯೇ ಕವಿ ಶ್ಲೇಷೆಯಾಡಿದ್ದಾನೆ; ಭಾರತಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡು ಬಗೆಯ ಕಾಲಗಣನೆ ಕೊಟ್ಟಿದ್ದಾನೆ; ಕೊನೆಗೆ ತನ್ನನ್ನು ಕಾಳಿದಾಸ ಭಾರವಿಗಳಿಗೆ ಹೋಲಿಸಿಕೊಂಡಿದ್ದಾನೆ. ಆ ಹೋಲಿಕೆಯಿಂದಾಗಿಯೇ ಕ್ರಿ.ಶ. 634ರ ಹೊತ್ತಿಗೆ ಅವರಿಬ್ಬರೂ ಹೆಸರಾಂತ ಕವಿಗಳಾಗಿದ್ದರೆಂದು ಚರಿತ್ರಕಾರರಿಗೆ ಖಚಿತವಾಗಿ ತಿಳಿದದ್ದು. ಒಬ್ಬ ವಯಸ್ಸಾದ ಗೈಡ್ ನನ್ನ ಹುಡುಗರಿಗೆ ಆ ಸಾಲಿನ ಒಂದೊಂದೇ ಅಕ್ಷರವನ್ನು ಕಡ್ಡಿಯಿಂದ ತೋರಿಸಿ, ‘ಕಾ’ ಎಲ್ಲಿದೆ, ‘ದ’ ಎಲ್ಲಿದೆ ಎಂದು ಅವರಿಂದಲೇ ಹುಡುಕಿಸಿದ. ಹದಿಮೂರು ನೂರು ವರ್ಷಗಳ ಹಿಂದಿನ ಬರಹವನ್ನು ಎಂಟನೆಯ ಇಯತ್ತೆಯ ಹುಡುಗ ಕೂಡಿಸಿ ಓದಿದಾಗ ಅವನ ಮುಖ ನೋಡಬೇಕಿತ್ತು. ನಾನು ತರಗತಿಯಲ್ಲಿ ಇದೇ ಶಾಸನವನ್ನು ವರ್ಷ ವರ್ಷವೂ ಕಲಿಸಿದವನು. ಆದರೆ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಆ ಕೆಲಸ ಮಾಡಲಾಗುವುದಿಲ್ಲ. ಆತ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಬಂದೆವು.

ಪಟ್ಟದಕಲ್ಲಿನಲ್ಲಿಯೂ ಹಾಗೆಯೇ. ವಿರೂಪಾಕ್ಷ ದೇವಾಲಯವನ್ನು ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದಳೆಂದು ಎಲ್ಲ ಗೈಡುಗಳೂ ಹೇಳುತ್ತಾರೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತೆಂದೂ ಹೇಳುತ್ತಾರೆ. ಅದು ಫಲಕದಲ್ಲಿಯೇ ಇದೆ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನು, ಸರ್ವಸಿದ್ಧಿ ಆಚಾರಿಯ ಹೆಸರನ್ನು ಕೊರೆದಿರುವ ಕಲ್ಲಿನ ಮುಂದೆ ನಿಲ್ಲಿಸುವವರು ಕಡಿಮೆ. ಇಮ್ಮಡಿ ಕೀರ್ತಿವರ್ಮನ ಕಾಲದ, ಕ್ರಿ.ಶ. 754ರ ಕಂಬವೊಂದರಲ್ಲಿ ಒಂದೇ ಶಾಸನವನ್ನು ಉತ್ತರದ ಮತ್ತು ದಕ್ಷಿಣದ ಎರಡು ಲಿಪಿಗಳಲ್ಲಿ ಬರೆಸಲಾಗಿದೆ. ಉತ್ತರ ಭಾರತದ ಶೈಲಿಯ ಶಿಖರವೂ ದ್ರಾವಿಡ ಶೈಲಿಯ ವಿಮಾನವೂ ಅಕ್ಕಪಕ್ಕ ನಿಂತಿರುವ ಊರಿನಲ್ಲಿ ಆ ಕಂಬ ಎಷ್ಟು ಮಾತಾಡುತ್ತದೆ!

ಬಾದಾಮಿಯ ಮೊದಲ ಗವಿಯಲ್ಲಿ ಆನೆ-ಎತ್ತು ಒಂದೇ ತಲೆಯಲ್ಲಿ ಕೂಡಿರುವ ಶಿಲ್ಪವಿದೆ; ಒಂದು ಕಡೆಯಿಂದ ಎತ್ತು, ಇನ್ನೊಂದು ಕಡೆಯಿಂದ ಆನೆ. ಪಕ್ಕದಲ್ಲಿ ಹದಿನೆಂಟು ತೋಳುಗಳ ನಟರಾಜ. ಎಡದ ಒಂಬತ್ತು ಕೈಗಳನ್ನು ಬಲದ ಒಂಬತ್ತು ಕೈಗಳೊಂದಿಗೆ ಜೋಡಿಸಿದರೆ 81 ಭಂಗಿಗಳೆಂದು ಗೈಡುಗಳು ಲೆಕ್ಕ ಹೇಳುತ್ತಾರೆ. ಮಗ್ಗಿ ಬಲ್ಲವರಿಗೆ ಅದು ಸುಲಭ. ಮೂರನೆಯ ಗವಿಗೆ ಬಂದಾಗ ಮಂಗಲೇಶನ ಶಾಸನವನ್ನು, ಶಕ 500, ಅಂದರೆ ಕ್ರಿ.ಶ. 578 ಎಂಬ ಅದರ ಖಚಿತ ಕಾಲವನ್ನು ಹೇಳುತ್ತಾನೆಯೇ ನೋಡಬೇಕು. ಈ ಶೈಲಿಯ ಗವಿಗಳ ಕಾಲನಿರ್ಣಯಕ್ಕೆಲ್ಲ ಗೂಟ ಬಡಿದಂತಿರುವ ತೇದಿ ಅದು.

ನಾನು ನಿವೃತ್ತನಾಗುವ ಹೊತ್ತಿಗೆ ಒಂದು ಉಪಾಯ ಕಂಡುಕೊಂಡಿದ್ದೆ. ದರ ಮಾತಾಡುವ ಮೊದಲು ‘ಕಪ್ಪೆ ಅರಭಟ್ಟನ ಕಡೆ ಕರಕೊಂಡು ಹೋಗ್ತೀರೇನು?’ ಎಂದು ಕೇಳುತ್ತಿದ್ದೆ. ಆ ಶಾಸನ ಗವಿಗಳ ಬಳಿಯಲ್ಲಿಲ್ಲ. ಅಗಸ್ತ್ಯತೀರ್ಥದ ಆಚೆ, ತಟ್ಟುಕೋಟೆಯ ಕಡೆಯ ಬಂಡೆಯಲ್ಲಿದೆ. ಸುಮಾರು ಕ್ರಿ.ಶ. 700ರ ಆ ಕಲ್ಲಿನಲ್ಲಿ ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿಗಳಿವೆ. ನಮ್ಮ ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತ ಬಂದ ಛಂದಸ್ಸು ಅದು. ‘ದೂರ ಆಗತೈತ್ರಿ, ಅಲ್ಲೇನೂ ಇಲ್ಲ’ ಎಂದವನನ್ನು ಬಿಟ್ಟು, ‘ಬರ್ರಿ, ಬಿಸಲ ಏರೂದ್ರಾಗ ಹೋಗೋಣು’ ಎಂದವನನ್ನು ಹಿಡಿಯುತ್ತಿದ್ದೆ. ಇಲಾಖೆಯ ಗುರುತಿನ ಚೀಟಿಯನ್ನೂ ಕೇಳಬೇಕು ನಿಜ. ಆದರೆ ಈ ಪ್ರಶ್ನೆಯಷ್ಟು ನಿಜವನ್ನು ಚೀಟಿ ಹೇಳಲಾರದು.

ಖರ್ಚಿನ ಮಾತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಗೈಡ್ ಸಾವಿರ ರೂಪಾಯಿ ಕೇಳಿದನೆಂದರೂ ಐವತ್ತು ಮಕ್ಕಳಿಗೆ ತಲೆಗೆ 20 ರೂಪಾಯಿ. ತೊಡಕು ಬೇರೆಡೆ ಇದೆ. ಐವತ್ತರಲ್ಲಿ ಮುಂದಿನ ಹತ್ತು ಮಕ್ಕಳಿಗೆ ಮಾತ್ರ ಅವನ ಮಾತು ಕೇಳಿಸುತ್ತದೆ, ಹಿಂದಿನವರು ಮಂಗಗಳೊಡನೆ ಸಲಿಗೆ ಬೆಳೆಸುತ್ತಾರೆ. ಇಬ್ಬರು ಗೈಡುಗಳನ್ನು ಹಿಡಿದು ತಂಡ ಒಡೆಯುವುದು ಉತ್ತಮ. ಹಾಗೆ ಮಾಡಿದರೂ ತಲೆಗೆ 40 ರೂಪಾಯಿ. ದಾರಿಯ ಹೋಟೆಲಿನಲ್ಲಿ ಒಂದು ಮಗುವಿನ ನಾಷ್ಟಾಕ್ಕೂ ಅದು ಸಾಲದು.

ಇಷ್ಟಾದ ಮೇಲೆ ನಮ್ಮ ಮನೆಯಂಗಳದ ವಿಷಯ. ರಬಕವಿ-ಬನಹಟ್ಟಿಗೆ ಹತ್ತಿರದ ತೇರದಾಳದಲ್ಲಿ ಗೊಂಕ ಮಂಡಲಿಕ 1123ರಲ್ಲಿ ಕಟ್ಟಿಸಿದ ನೇಮಿನಾಥ ಬಸದಿಯಿದೆ, ಅದರ ಶಾಸನವನ್ನು ಫ್ಲೀಟ್ ಪ್ರಕಟಿಸಿದ್ದಾನೆ. ಮುಧೋಳ ರನ್ನನ ಊರು. ಮುಧೋಳ ತಾಲೂಕಿನ ಹಲಗಲಿಯಲ್ಲಿ 1857ರ ನವೆಂಬರಿನಲ್ಲಿ ಬೇಡರು ಆಯುಧ ಒಪ್ಪಿಸಲಾರೆವೆಂದು ಕಂಪನಿ ಸರಕಾರದ ವಿರುದ್ಧ ನಿಂತರು. ಊರು ಸುಟ್ಟುಹೋಯಿತು, ಹಿಡಿದವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಅದರ ಲಾವಣಿಯನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನೂ ಅದೇ ಫ್ಲೀಟ್. ಊರೂರು ಅಲೆದು ಡಪ್ಪಿನ ಮೇಲೆ ಆ ಕಥೆಯನ್ನು ಹಾಡಿ ಕಾಸು ಪಡೆದ ಲಾವಣಿಕಾರನೂ ಒಂದು ಬಗೆಯ ಗೈಡೇ. ಜನ ಕಾಸು ಕೊಟ್ಟದ್ದರಿಂದಲೇ ಹಾಡು ಫ್ಲೀಟನ ಕಿವಿಯವರೆಗೆ ಉಳಿದು ಬಂದದ್ದು. ಜಮಖಂಡಿಯಲ್ಲಿ 1811ರಿಂದ 1948ರ ವಿಲೀನದವರೆಗೆ ನಡೆದ ಪಟವರ್ಧನರ ಸಂಸ್ಥಾನದ ಅರಮನೆ ರಾಮತೀರ್ಥದ ಗುಡ್ಡದ ಮೇಲಿದೆ. ಬೀಳಗಿಯಲ್ಲಿ ಅರೆತ್ತಿನ ಬಾವಿಯಿದೆ.

ಇಲ್ಲೆಲ್ಲ ನಾನು ಹೋದಾಗ ದುಡ್ಡು ಕೇಳುವ ಗೈಡ್ ಒಬ್ಬನೂ ಎದುರು ಬಂದದ್ದಿಲ್ಲ. ಪುಕ್ಕಟೆ ನೋಡಿದೆವೆಂದು ಸಂತೋಷಪಡಬಹುದಿತ್ತು. ಆದರೆ ತೇರದಾಳದ ಶಾಸನದ ಮುಂದೆ ನಿಂತ ಮಕ್ಕಳಿಗೆ ಒಂದಕ್ಷರವನ್ನಾದರೂ ಕಡ್ಡಿಯಿಂದ ತೋರಿಸುವವರು ಬೇಡವೇ? ಐಹೊಳೆಯ ಆ ಹಿರಿಯ ಅಕ್ಷರಗಳನ್ನು ಕಲಿತದ್ದು ಅದರಿಂದ ಹೊಟ್ಟೆ ತುಂಬುತ್ತಿದ್ದುದರಿಂದ. ತೇರದಾಳದಲ್ಲಿ ಕಲಿತವನಿಗೆ ಕೊಡುವವರಿಲ್ಲ, ಕೊಡುವವರಿಲ್ಲದ್ದಕ್ಕೆ ಕಲಿಯುವವರಿಲ್ಲ.

ಜಮಖಂಡಿ, ಬನಹಟ್ಟಿ, ಮುಧೋಳಗಳ ಕಾಲೇಜುಗಳಲ್ಲಿ ಇತಿಹಾಸ ಮತ್ತು ಕನ್ನಡ ಓದುವ ಮಕ್ಕಳಿದ್ದಾರೆ. ಹಳಗನ್ನಡ ಅವರ ಪಠ್ಯದಲ್ಲಿಯೇ ಇದೆ. ಶಾಲೆಗಳು ಒಂದು ವರ್ಷದ ಸಹಲನ್ನು ಇಲ್ಲಿಯೇ ಇಟ್ಟುಕೊಂಡು, ಬೆಳಿಗ್ಗೆ ರಾಮತೀರ್ಥ, ಬಳಿಕ ಬನಹಟ್ಟಿಯ ಮಗ್ಗಗಳು, ಮಧ್ಯಾಹ್ನ ತೇರದಾಳ, ಇಳಿಹೊತ್ತಿಗೆ ಹಲಗಲಿ ಎಂದು ಹೊರಟು, ಬಾದಾಮಿಯಲ್ಲಿ ಗೈಡಿಗೆ ಕೊಡುವ ಅದೇ ತಲೆಗೆ 20 ರೂಪಾಯಿಯನ್ನು ಆ ಕಾಲೇಜು ಮಕ್ಕಳಲ್ಲಿ ಒಬ್ಬರಿಗೆ ಕೊಟ್ಟು ನೋಡಲಿ. ಮೊದಲ ವರ್ಷ ಅವರು ತಡವರಿಸಬಹುದು. ತೇರದಾಳದ ಶಾಸನಪಾಠವನ್ನು ಅವರೊಡನೆ ಕುಳಿತು ಓದಲು ನಾನು ಸಿದ್ಧನಿದ್ದೇನೆ, ಭಾನುವಾರ ಬೆಳಿಗ್ಗೆ ಮನೆಯಲ್ಲಿಯೇ ಇರುತ್ತೇನೆ.