ಸುರ್ಕಿಯ ಅಣೆಕಟ್ಟು, ಹೊಟ್ಟಿನ ಬೂದಿ

ಹೊಸಪೇಟೆಯ ಪಕ್ಕದಲ್ಲಿ ತುಂಗಭದ್ರಾ ಅಣೆಕಟ್ಟು ಏಳುತ್ತಿದ್ದಾಗ ಕಲ್ಲುಗಳ ಸಂದಿಗೆ ತುಂಬಿದ್ದು ಸಿಮೆಂಟನ್ನಲ್ಲ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿದ ಆ ಅಣೆಗೆ ಬಳಸಿದ್ದು ಸುಣ್ಣ-ಸುರ್ಕಿಯ ಗಾರೆ. ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಪುಡಿ ಮಾಡಿದರೆ ಸಿಗುವುದೇ ಸುರ್ಕಿ. ಅದಕ್ಕೂ ಮೊದಲು, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಗೂ ಇದೇ ಗಾರೆ. ನಮ್ಮಲ್ಲಿ ಆಗ ಸಿಮೆಂಟ್ ದುಬಾರಿ, ಅಪರೂಪ. ಊರ ಮಣ್ಣು, ಊರ ಸುಣ್ಣ, ಊರವರ ಕೈಗಳು ಇದ್ದವು. ಅಷ್ಟರಲ್ಲೇ ನದಿಯನ್ನು ತಡೆದು ನಿಲ್ಲಿಸಿದರು.

ಬರೀ ಸುಣ್ಣದ ಗಾರೆ ಗಾಳಿ ತಾಗಿದರಷ್ಟೇ ಗಟ್ಟಿಯಾಗುತ್ತದೆ, ನೀರಿನೊಳಗೆ ಬಿಗಿಯುವುದಿಲ್ಲ. ಸುರ್ಕಿಯಲ್ಲಿರುವ ಸಿಲಿಕಾ ಸುಣ್ಣದೊಂದಿಗೆ ಕೂಡಿದಾಗ ಹುಟ್ಟುವ ಹೊಸ ಸಂಯುಕ್ತ ನೀರಿನಲ್ಲೂ ಬಿಗಿಯುತ್ತದೆ, ವರ್ಷ ಕಳೆದಂತೆ ಇನ್ನಷ್ಟು ಗಟ್ಟಿಯಾಗುತ್ತದೆ. ಇಟಲಿಯ ಜ್ವಾಲಾಮುಖಿ ಬೂದಿಯಿಂದ ರೋಮನ್ನರು ಕಟ್ಟಿದ ಬಂದರುಗಳ ಗುಟ್ಟೂ ಇದೇ. ಪೊಟ್ಸುವೋಲಿ ಎಂಬ ಊರಿನ ಆ ಬೂದಿಯಿಂದಲೇ ಇಂಥ ಪುಡಿಗಳಿಗೆಲ್ಲ ಪೊಜೊಲಾನ ಎಂಬ ಹೆಸರು ಬಂತು. ಸುರ್ಕಿ ನಮ್ಮ ಪೊಜೊಲಾನ. ಅದಕ್ಕಿಂತ ಚುರುಕಾದ ಇನ್ನೊಂದು ಪೊಜೊಲಾನ ನಮ್ಮ ಗದ್ದೆಗಳಲ್ಲೇ ಬೆಳೆಯುತ್ತಿತ್ತು.

ಭತ್ತದ ಗಿಡ ಮಣ್ಣಿನ ಸಿಲಿಕಾವನ್ನು ನೀರಿನೊಂದಿಗೆ ಹೀರಿ ಕಾಳಿನ ಮೇಲುಹೊದಿಕೆಗೆ ತುಂಬಿಕೊಳ್ಳುತ್ತದೆ. ಹೊಟ್ಟನ್ನು ದನ ತಿನ್ನದಿರುವುದಕ್ಕೂ, ತಿಪ್ಪೆಯಲ್ಲಿ ಅದು ಬೇಗ ಕೊಳೆಯದಿರುವುದಕ್ಕೂ ಇದೇ ಕಾರಣ. ಒಂದು ಟನ್ ಭತ್ತ ಕುಟ್ಟಿದರೆ ಸುಮಾರು 200 ಕೆ.ಜಿ. ಹೊಟ್ಟು, ಆ ಹೊಟ್ಟನ್ನು ಸುಟ್ಟರೆ ಸುಮಾರು 40 ಕೆ.ಜಿ. ಬೂದಿ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇ 85ರಿಂದ 95ರಷ್ಟು ಸಿಲಿಕಾವೇ. ಕಟ್ಟಿಗೆಯ ಬೂದಿಯಲ್ಲಿ ಸಾಮಾನ್ಯವಾಗಿ ಸಿಲಿಕಾ ಇದಕ್ಕಿಂತ ಎಷ್ಟೋ ಕಡಿಮೆ.

ಅಣೆಕಟ್ಟಿಗೂ ಹೊಟ್ಟಿಗೂ ಇರುವ ನಂಟು ಯೋಜನೆ ರೂಪಿಸಿದವರು ನೆನೆಸಿದ್ದಲ್ಲ. ಅವರ ಲೆಕ್ಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಬಹುಪಾಲು ನೆಲ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಮೀಸಲು. ಆದರೆ ಕರಾವಳಿ ಆಂಧ್ರದಿಂದ ಬಂದ ರೈತರು ಕಾಲುವೆಯುದ್ದಕ್ಕೂ ‘ಕ್ಯಾಂಪ್’ ಕಟ್ಟಿಕೊಂಡು ನೆಲೆ ನಿಂತರು, ಎರೆಭೂಮಿಯನ್ನು ಮಟ್ಟ ಮಾಡಿ ಭತ್ತ ನಾಟಿ ಹಾಕಿದರು. ನೋಡಿದ ಊರಿನವರೂ ಅದೇ ದಾರಿ ಹಿಡಿದರು. ಗಂಗಾವತಿ, ಕಾರಟಗಿ, ಸಿಂಧನೂರು ಅಕ್ಕಿ ಗಿರಣಿಗಳ ಊರುಗಳಾದವು. ಗಿರಣಿಯ ಹಿಂದೆ ಹೊಟ್ಟಿನ ರಾಶಿ, ಅದು ಬಾಯ್ಲರಿಗೆ ಹೋದ ಮೇಲೆ ಬೂದಿಯ ರಾಶಿ. ಸುರ್ಕಿಯ ಅಣೆಯೊಂದು ಸುರ್ಕಿಯ ದಾಯಾದಿಯನ್ನು ಲಾರಿಗಟ್ಟಲೆ ಹುಟ್ಟಿಸಿತ್ತು.

ಇಟ್ಟಂಗಿ ಭಟ್ಟಿಯವರಿಗೆ ಹೊಟ್ಟು ಹೊಸದಲ್ಲ. ಕಟ್ಟಿಗೆ ತುಟ್ಟಿಯಾದಾಗ ಹಸಿ ಇಟ್ಟಿಗೆಯ ಸಾಲುಗಳ ನಡುವೆ ಹೊಟ್ಟು ಸುರಿದು ಸುಡುತ್ತಾರೆ. ಅದು ಭಗ್ಗನೆ ಉರಿಯದೆ ದಿನಗಟ್ಟಲೆ ಕೆಂಡವಾಗಿ ನಿಲ್ಲುತ್ತದೆ. ಉಳಿದ ಬೂದಿಯನ್ನು ಅಚ್ಚಿಗೆ ಮಣ್ಣು ಅಂಟದಂತೆ ಉದುರಿಸಬಹುದು, ಮುಂದಿನ ಮಣ್ಣಿಗೂ ಕಲಸಬಹುದು. ಎರೆಮಣ್ಣಿನ ಸೀಮೆಯಲ್ಲಿ ಈ ಕಲಸುವಿಕೆಗೆ ವಿಶೇಷ ಬೆಲೆಯಿದೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅದರಿಂದ ಕೊಯ್ದ ಇಟ್ಟಿಗೆ ಭಟ್ಟಿ ಸೇರುವ ಮೊದಲೇ ಬಿರುಕು ಬಿಡುತ್ತದೆ. ಬೂದಿ ಬೆರೆತರೆ ಮಣ್ಣಿನ ಜಿಗುಟು ಮುರಿಯುತ್ತದೆ, ಕುಗ್ಗುವುದು ಕಡಿಮೆಯಾಗುತ್ತದೆ, ಇಟ್ಟಿಗೆ ಹಗುರವಾಗುತ್ತದೆ.

ಹಗುರ ಇಟ್ಟಿಗೆಯ ಆಸೆಯೂ ಹಳೆಯದೇ. ಒಂದು ಕಾಲಕ್ಕೆ ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಕಾಕತೀಯರು ಸ್ವತಂತ್ರರಾದ ಮೇಲೆ, 1213ರಲ್ಲಿ, ಅವರ ಸೇನಾನಿ ರೇಚರ್ಲ ರುದ್ರ ಪಾಲಂಪೇಟೆಯಲ್ಲಿ ಕಟ್ಟಿಸಿದ ರಾಮಪ್ಪ ಗುಡಿಯ ಶಿಖರದ ಇಟ್ಟಿಗೆಗಳು ನೀರಿನ ಮೇಲೆ ತೇಲುತ್ತವೆ. 2021ರಲ್ಲಿ ಗುಡಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಯುನೆಸ್ಕೊ ಈ ಇಟ್ಟಿಗೆಗಳನ್ನು ಹೆಸರಿಸಿಯೇ ಹೇಳಿತು. ಮಣ್ಣಿನಲ್ಲಿ ಬೆರೆತ ಹೊಟ್ಟಿನಂಥ ವಸ್ತು ಸುಟ್ಟುಹೋದರೆ ಒಳಗೆ ಉಳಿಯುವುದು ರಂಧ್ರ ಮತ್ತು ಚೂರು ಬೂದಿ; ಹಗುರ ಇಟ್ಟಿಗೆ ಮಾಡುವವರು ಇಂದಿಗೂ ನೆಚ್ಚುವುದು ಈ ಉಪಾಯವನ್ನೇ. ಆದರೆ ಅತಿಯಾದರೆ ಕೇಡು. ರಂಧ್ರ ಹೆಚ್ಚಿದಷ್ಟೂ ಇಟ್ಟಿಗೆ ನೀರು ಕುಡಿಯುತ್ತದೆ, ಬಲ ಕುಂದುತ್ತದೆ. ಸಾಮಾನ್ಯ ದರ್ಜೆಯ ಇಟ್ಟಿಗೆ 24 ಗಂಟೆ ನೀರಿನಲ್ಲಿದ್ದರೂ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ಭಾರತೀಯ ಮಾನಕದ ಕಟ್ಟಳೆ.

ಭಟ್ಟಿಯ ಇಟ್ಟಿಗೆಯಲ್ಲಿ ಬೂದಿ ಬರೀ ತುಂಬುಸರಕು. ಅದರ ನಿಜವಾದ ಕಸುವು ಕಾಣುವುದು ಸುಡದ ಇಟ್ಟಿಗೆಯಲ್ಲಿ, ಸುಣ್ಣದ ಜೊತೆಯಲ್ಲಿ. ಅದಕ್ಕೊಂದು ಷರತ್ತಿದೆ. ಹೊಟ್ಟು ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟದಂತೆ ನಿಧಾನಕ್ಕೆ ಸುಟ್ಟರೆ ಸಿಲಿಕಾ ಹರಳುಗಟ್ಟದೆ ಉಳಿದು ಸುಣ್ಣಕ್ಕೆ ಸುಲಭವಾಗಿ ಒಲಿಯುತ್ತದೆ. ಕಾವು ಹೆಚ್ಚಿ ಹರಳುಗಟ್ಟಿತೋ, ಆ ಬೂದಿಗೂ ಸಣ್ಣ ಮರಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಮೇಲಾಗಿ ಅದರ ದೂಳು ಶ್ವಾಸಕೋಶಕ್ಕೆ ಕೆಡುಕು.

1970ರ ದಶಕದಲ್ಲಿ ಈ ಷರತ್ತಿನ ಬೆನ್ನು ಹತ್ತಿದವರು ಹಲವರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭಾರತ ಮೂಲದ ಪಿ. ಕೆ. ಮೆಹ್ತಾ ಹದವಾದ ಕಾವಿನಲ್ಲಿ ಸುಟ್ಟ ಹೊಟ್ಟಿನ ಬೂದಿಯಿಂದ ಸಿಮೆಂಟ್ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕಾನ್ಪುರದ ಐಐಟಿಯಲ್ಲಿ ಪಿ. ಸಿ. ಕಪೂರ್ ಬೂದಿಯನ್ನು ಸುಣ್ಣದೊಂದಿಗೆ ಅರೆದು ‘ಆಶ್‌ಮೋ’ ಎಂಬ ಬಂಧಕ ರೂಪಿಸಿದರು. ಹೊಟ್ಟು ಸುಡಲು ಅವರು ಮಾಡಿದ ಒಲೆ ಹಳ್ಳಿಯ ಬೆಸುಗೆಗಾರನೂ ಕಟ್ಟಬಲ್ಲಂಥದು: ಜಾಲರಿ ಬುಟ್ಟಿ, ನಡುವೆ ಒಂದು ಕೊಳವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಹುಟ್ಟುಹಾಕಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಪ್ರಯೋಗಕೇಂದ್ರ ತೆರೆಯಿತು. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆಯ ಜೊತೆಗೆ ಸುಣ್ಣ-ಪೊಜೊಲಾನದ ಬದಲಿ ಸಿಮೆಂಟುಗಳ ಕಡೆಗೂ ಗಮನ ಹರಿಸಿದರು.

ಇಷ್ಟೆಲ್ಲ ಜಾಣರು ಒಮ್ಮೆಲೇ ಬೂದಿಗೆ ಕೈಹಾಕಿದ್ದು ಕಾಕತಾಳೀಯವಲ್ಲ. ತೈಲ ಬಿಕ್ಕಟ್ಟು ಇಂಧನದ ಬೆಲೆ ಏರಿಸಿತ್ತು. ನಮ್ಮಲ್ಲಿ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದವು; ಮನೆ ಕಟ್ಟುವವರು ಪರ್ಮಿಟ್ಟಿಗೆ ಅಲೆಯಬೇಕಿತ್ತು. 1982ರಲ್ಲಿ ಆ ಹಿಡಿತ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಸಿಮೆಂಟ್ ಚೀಲ ಊರಂಗಡಿಗೇ ಬಂತು. ಪ್ರಯೋಗಶಾಲೆಯಲ್ಲಿ ಬೂದಿ ಸೋಲಲಿಲ್ಲ, ಅಂಗಡಿಯಲ್ಲಿ ಸೋತಿತು. ಸುರ್ಕಿಯನ್ನು ಮೂಲೆಗೆ ತಳ್ಳಿದ್ದೂ ಇದೇ ಸಿಮೆಂಟು.

ಕಲ್ಲಿದ್ದಲಿನ ಬೂದಿಯ ಜಾತಕವೇ ಬೇರೆ. 1999ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಉಷ್ಣವಿದ್ಯುತ್ ಸ್ಥಾವರಗಳ ಸುತ್ತ 50 ಕಿ.ಮೀ. ಒಳಗಿನ ಇಟ್ಟಿಗೆ ತಯಾರಕರು ಮಣ್ಣಿಗೆ ಕನಿಷ್ಠ ಶೇ 25ರಷ್ಟು ಹಾರುಬೂದಿ ಬೆರೆಸಲೇಬೇಕೆಂದಿತು. ಮುಂದೆ ಈ ವ್ಯಾಪ್ತಿ ಇನ್ನೂ ಹಿಗ್ಗಿತು. ರಾಯಚೂರಿನ ಶಕ್ತಿನಗರದ ಸ್ಥಾವರದ ಬೂದಿಗೆ ಹೀಗೆ ಕಾನೂನಿನ ಬೆಂಬಲ ಸಿಕ್ಕಿತು. ಅದೇ ಜಿಲ್ಲೆಯ ಗಿರಣಿಗಳ ಹೊಟ್ಟಿನ ಬೂದಿಗೆ ಅಂಥ ಆಸರೆಯಿಲ್ಲ. ಕಾರಣವೂ ಸರಳ: ವಿದ್ಯುತ್ ಸ್ಥಾವರದ ಬೂದಿ ಒಂದೇ ಕಡೆ ಬೆಟ್ಟದಂತೆ ಬೀಳುತ್ತದೆ, ಯಾರ ಕಣ್ಣಿಗೂ ತಪ್ಪದು. ಗಿರಣಿಯ ಬೂದಿ ನೂರು ಹಿತ್ತಲುಗಳಲ್ಲಿ ಚದುರಿದೆ. ಬಾಯ್ಲರಿನ ಕಾವು ಗಿರಣಿಯಿಂದ ಗಿರಣಿಗೆ ಬೇರೆ. ಒಂದು ಕಡೆಯದು ಕಪ್ಪು, ಇನ್ನೊಂದು ಕಡೆಯದು ಬೂದುಬಣ್ಣ. ಒಂದೇ ಗುಣದ ಸರಕು ಕೊಡದವನ ಬಳಿ ಕಟ್ಟಡದ ಗುತ್ತಿಗೆದಾರ ಹೋಗುವುದಿಲ್ಲ.

ಈ ನಡುವೆ ಹೊಟ್ಟಿನ ಬೂದಿಗೆ ಬೇರೆ ಗಿರಾಕಿ ಹುಟ್ಟಿದ. ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಲೋಹ ತಣಿಯದಂತೆ ಅದರ ಮೇಲೆ ಹರಡಲು ಈ ಬೂದಿ ಬೇಕು. ಅಲ್ಲಿ ಸಿಲಿಕಾ ಹರಳುಗಟ್ಟಿದ್ದರೂ ಅಡ್ಡಿಯಿಲ್ಲ, ಅಷ್ಟಿಷ್ಟು ಇಂಗಾಲ ಉಳಿದಿದ್ದರೂ ತೊಂದರೆಯಿಲ್ಲ. ಬಾಯ್ಲರಿನ ಕಾವು ಬದಲಿಸದೆಯೇ ಮಾರಬಹುದಾದ ಬೂದಿಯನ್ನು ಗಿರಣಿಯವರು ಅತ್ತ ಕಳಿಸಿದರು, ಇಟ್ಟಂಗಿ ಭಟ್ಟಿಗೆ ಉಳಿದದ್ದು ಮಿಕ್ಕಿದ ಪಾಲು.